ಬಚ್ಚಲಲ್ಲಿ ಯಾರೂ ಜಾರಿರಲಿಲ್ಲ

ನಮ್ಮ ಕಡೆ ವಯಸ್ಸಾದ ಗಂಡಸರು ಬಿದ್ದರೆ ಸುದ್ದಿ ಹರಡುವುದು ಒಂದೇ ಮಾತಿನಲ್ಲಿ. “ಬಚ್ಚಲಲ್ಲಿ ಜಾರಿ ಬಿದ್ದರಂತೆ.” ಕೇಳಿದವರು ಅಯ್ಯೋ ಅಂದು, ಈಗಿನ ಟೈಲ್ಸೇ ಸರಿ ಇಲ್ಲ ಅಂದು, ನಮ್ಮನೆಗೂ ಒಂದು ರಬ್ಬರ್ ಮ್ಯಾಟ್ ತರಬೇಕು ಅಂದು ಫೋನ್ ಇಡುತ್ತಾರೆ. ಮುಗಿಯಿತು. ಯಾಕೆ ಎದ್ದಿದ್ದರು, ಎಷ್ಟು ಹೊತ್ತಿನಲ್ಲಿ, ಆ ರಾತ್ರಿ ಅದು ಎಷ್ಟನೇ ಸಲ, ಯಾರೂ ಕೇಳುವುದಿಲ್ಲ. ತಪ್ಪೆಲ್ಲ ನೆಲದ್ದು.

ನಾಲ್ಕು ವರ್ಷದ ಹಿಂದೆ ಅಪ್ಪ ಬಿದ್ದಾಗ ನಾನೂ ಇದೇ ಮಾತು ಹೇಳಿದ್ದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು, ಒಬ್ಬರಾದ ಮೇಲೆ ಒಬ್ಬರಿಗೆ, ಹತ್ತಿಪ್ಪತ್ತು ಜನಕ್ಕೆ. ಹೇಳುತ್ತಾ ಹೇಳುತ್ತಾ ನನಗೂ ಅದೇ ನಿಜ ಅನಿಸಿಬಿಟ್ಟಿತ್ತು. ಅಪ್ಪ ಬಿದ್ದದ್ದು ಬಚ್ಚಲಲ್ಲಿ ಅಲ್ಲ. ನಡುಮನೆಯ ಹೊಸ್ತಿಲ ಹತ್ತಿರ, ಒಣಗಿದ ಗಾರೆ ನೆಲದ ಮೇಲೆ. ಅವರ ಮಂಚದಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ. ಆಮೇಲೆ ನಾನೇ ಎಣಿಸಿ ನೋಡಿದ್ದೇನೆ.

ಧನುರ್ಮಾಸದ ಚಳಿ. ತಿಪಟೂರಿನ ಹತ್ತಿರ ನಮ್ಮೂರು. ಬೆಂಗಳೂರಿನಿಂದ ನಾವು ಹಿಂದಿನ ಸಂಜೆ ತಾನೇ ಬಂದಿದ್ದೆವು. ಮಗಳು ಅಜ್ಜಿ ಪಕ್ಕವೇ ಮಲಗಬೇಕು ಅಂತ ಹಟ ಮಾಡಿ ನಡುಮನೆಯಲ್ಲಿ ಹಾಸಿಗೆ ಹಾಸಿಸಿಕೊಂಡಿದ್ದಳು. ಅಪ್ಪನ ಮಂಚ ಅಲ್ಲೇ ಕಿಟಕಿ ಪಕ್ಕ. ರಾತ್ರಿ ಎರಡೂವರೆ ಇರಬೇಕು, ದೊಪ್ಪಂತ ಸದ್ದಾಯಿತು. ಅಟ್ಟದಲ್ಲಿ ಕಾಯಿ ಉರುಳಿತೇನೋ ಅಂದುಕೊಂಡೆ. ಕೊಬ್ಬರಿಗೆ ಅಂತ ವರ್ಷದ ಹತ್ತಿರ ಕಾಯಿಯನ್ನು ಅಟ್ಟದಲ್ಲೇ ಒಣಗಲು ಬಿಡುವ ಮನೆಗಳಲ್ಲಿ ಆ ಸದ್ದಿಗೆ ಯಾರೂ ಏಳುವುದಿಲ್ಲ. ಮಗ್ಗುಲು ಬದಲಿಸಿದೆ. ಆಮೇಲೆ ಅಮ್ಮ ನನ್ನ ಹೆಸರು ಹಿಡಿದು ಕೂಗಿದರು.

ಲೈಟು ಹಾಕಿದಾಗ ಅಪ್ಪ ಎಡ ಮಗ್ಗುಲಾಗಿ ಬಿದ್ದಿದ್ದರು. ಪಂಚೆ ಸಡಿಲವಾಗಿ ಒಂದು ಕಾಲಿಗೆ ಸುತ್ತಿಕೊಂಡಿತ್ತು. ಎಡಗಾಲು ಬಲಗಾಲಿಗಿಂತ ಗಿಡ್ಡ ಕಾಣುತ್ತಿತ್ತು, ಪಾದ ಹೊರಗಡೆಗೆ ತಿರುಗಿತ್ತು. ಸೊಂಟದ ಹತ್ತಿರ ತೊಡೆಮೂಳೆ ಮುರಿದರೆ ಕಾಲು ಸಾಮಾನ್ಯವಾಗಿ ಹೀಗೇ ಕಾಣುತ್ತದೆ ಅಂತ ಆಮೇಲೆ ಗೊತ್ತಾಯಿತು. ಅಷ್ಟು ನೋವಿನಲ್ಲೂ ಅವರು ಮೊದಲು ಮಾಡಿದ ಕೆಲಸ ಪಂಚೆ ಎಳೆದುಕೊಂಡದ್ದು. ಪಂಚೆ ಒದ್ದೆಯಾಗಿತ್ತು. ಮೊದಲು ಆಡಿದ ಮಾತು, “ಮಗು ಎದ್ದುಬಿಡ್ತಾ?”

ಲೈಟ್ ಹಾಕಿರಲಿಲ್ಲ ಅವರು. ಮಗು ಎದ್ದೀತು ಅಂತ. ಎಪ್ಪತ್ನಾಲ್ಕು ವರ್ಷ ಬಾಳಿದ ಮನೆ, ಕಣ್ಣುಮುಚ್ಚಿ ಓಡಾಡುವಷ್ಟು ಗೊತ್ತು. ಆದರೆ ಅವತ್ತು ಎಂದಿನ ದಾರಿಯ ಮಧ್ಯೆ ಮೊಮ್ಮಗಳು ಮಲಗಿದ್ದಳು. ಸುತ್ತು ಹಾಕಿಕೊಂಡು ಹೋಗಿದ್ದಾರೆ. ತಡೆಯಲಾಗದ ಆತುರ ಬೇರೆ. ಪಂಚೆ ಕಾಲಿಗೆ ತೊಡರಿದೆ. ಹೊಸ್ತಿಲು ಎಲ್ಲಿ ಬರಬೇಕಿತ್ತೋ ಅದಕ್ಕಿಂತ ಒಂದು ಹೆಜ್ಜೆ ಮುಂಚೆ ಬಂದಿದೆ.

ಒಂದಕ್ಕೆ

ಈ ಕೆಲಸಕ್ಕೆ ನಾಲ್ಕು ಜನರ ಮುಂದೆ ಆಡುವಂಥ ಮಾತು ನಮ್ಮಲ್ಲಿ ಇಲ್ಲವೇ ಇಲ್ಲ. ಸ್ಕೂಲಲ್ಲಿ ಕಿರುಬೆರಳು ಎತ್ತಿ ‘ಒಂದಕ್ಕೆ’ ಅಂದವರು ನಾವು. ಹಳಬರು ‘ಜಲಬಾಧೆ’ ಅನ್ನುತ್ತಿದ್ದರು. ಬಾಧೆ ಅನ್ನೋದಂತೂ ಸರಿಯಾಗೇ ಇದೆ. ಮೂತ್ರ ಅಂದರೆ ಲ್ಯಾಬಿನ ಬಾಟಲಿ ಕಣ್ಮುಂದೆ ಬರುತ್ತದೆ. ಉಚ್ಚೆ ಅಂದರೆ ಮಕ್ಕಳ ಮಾತಾಯಿತು. ಅಪ್ಪ ‘ಹೊರಗೆ ಹೋಗಿಬರ್ತೀನಿ’ ಅನ್ನುತ್ತಿದ್ದರು, ಬಚ್ಚಲು ಹಿತ್ತಲಿಂದ ಮನೆಯೊಳಗೆ ಬಂದು ಇಪ್ಪತ್ತು ವರ್ಷವಾದ ಮೇಲೂ.

ಅರಳಿಕಟ್ಟೆಯಲ್ಲಿ ಕೂತ ಅಪ್ಪನ ವಾರಗೆಯವರು ಉಳಿದ ಕಾಯಿಲೆಗಳನ್ನೆಲ್ಲ ಜೋರಾಗೇ ಮಾತಾಡುತ್ತಾರೆ. ಶುಗರ್ 240 ಬಂದಿತ್ತು ಅಂತ ಒಬ್ಬರು ಅಂದರೆ ಇನ್ನೊಬ್ಬರು, ಅದೇನು ಮಹಾ, ನನಗೆ 310 ಅನ್ನುತ್ತಾರೆ. ಮಂಡಿನೋವು, ಗ್ಯಾಸ್ಟ್ರಿಕ್, ಸ್ಟೆಂಟು, ಎಲ್ಲವೂ ನಡೆಯುತ್ತದೆ. ರಾತ್ರಿ ನಾಲ್ಕು ಸಲ ಎದ್ದೆ ಅಂತ ಮಾತ್ರ ಯಾರೂ ಬಾಯಿಬಿಡುವುದಿಲ್ಲ. ಹೇಳಲೇಬೇಕಾಗಿ ಬಂದರೆ ‘ನಿದ್ದೆ ಸರಿ ಇಲ್ಲ’ ಅನ್ನುತ್ತಾರೆ. ಅದಕ್ಕೆ ಮೆಡಿಕಲ್ ಶಾಪಿನವನು ನಿದ್ದೆ ಮಾತ್ರೆ ಕೊಟ್ಟುಬಿಟ್ಟರಂತೂ ಕಷ್ಟ. ಒತ್ತಡಕ್ಕೆ ಮೈ ಏಳುತ್ತದೆ, ತಲೆ ಏಳುವುದಿಲ್ಲ. ನಿದ್ದೆ ಮಾತ್ರೆ ತಗೊಳ್ಳುವ ವಯಸ್ಸಾದವರು ಜಾಸ್ತಿ ಬೀಳುತ್ತಾರೆ ಅನ್ನುವುದು ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ವಿಷಯ.

ಈಗ ಹಿಂದಿರುಗಿ ನೋಡಿದರೆ ಅಪ್ಪನ ಎಷ್ಟೋ ಹಟಗಳು ಅರ್ಥವಾಗುತ್ತವೆ. ಸಂಜೆ ನಾಲ್ಕರ ಮೇಲೆ ನೀರು ಮುಟ್ಟುತ್ತಿರಲಿಲ್ಲ. ಬಸ್ಸಲ್ಲಿ ದೂರದ ಊರಿಗೆ ಬರುತ್ತಿರಲಿಲ್ಲ. ಮದುವೆಗೆ ಬಂದರೆ ಊಟ ಮಾಡಿ ಹೊರಟೇ ಹೋಗುತ್ತಿದ್ದರು. ತಂಗಿ ಮನೆಗೆ ಹೋದರೂ ರಾತ್ರಿ ಉಳಿಯುತ್ತಿರಲಿಲ್ಲ. “ಹಸು ಹಾಲು ಕರೆಯೋರು ಯಾರು?” ಅನ್ನುತ್ತಿದ್ದರು. ಹಸು ಮಾರಿ ಎರಡು ವರ್ಷವಾಗಿತ್ತು. ವಯಸ್ಸಾಯಿತು, ಸಿಡುಕು ಜಾಸ್ತಿಯಾಯಿತು ಅಂತ ನಾವು ಮಾತಾಡಿಕೊಂಡೆವು. ಗೊತ್ತಿಲ್ಲದ ಮನೆಯಲ್ಲಿ, ಕತ್ತಲಲ್ಲಿ, ಅಳಿಯನ ಕೋಣೆಯ ಮುಂದೆ ನಾಲ್ಕು ಸಲ ಹಾದುಹೋಗುವ ಹೆದರಿಕೆ ಅದು ಅಂತ ನಮಗೆ ಹೊಳೆಯಲೇ ಇಲ್ಲ.

ಯಜಮಾನ್ರೇ, ಎಷ್ಟು ಸಲ?

ಆಪರೇಷನ್ ಆಯಿತು. ಒಳಗೆ ರಾಡ್ ಹಾಕಿದರು. ಮಾರನೇ ದಿನವೇ ವಾಕರ್ ಕೊಟ್ಟು ನಿಲ್ಲಿಸಿದರು. ಅದೊಂದು ಪುಣ್ಯ. ಸೊಂಟ ಮುರಿಯುವುದು ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಆದರೆ ಮುರಿದ ಮೇಲೆ ಒಂದು ವರ್ಷದೊಳಗೆ ತೀರಿಕೊಳ್ಳುವವರ ಪ್ರಮಾಣ ಗಂಡಸರಲ್ಲಿ ಜಾಸ್ತಿ. ಇದನ್ನು ಆ ದಿನಗಳಲ್ಲಿ ಯಾರೂ ನನಗೆ ಹೇಳಲಿಲ್ಲ, ಒಳ್ಳೆಯದೇ ಆಯಿತು.

ಆಸ್ಪತ್ರೆಯಲ್ಲಿದ್ದ ಅಷ್ಟು ದಿನ ಮೂಳೆ ಬಗ್ಗೆ ಎಲ್ಲರೂ ಮಾತಾಡಿದರು. ಯಾಕೆ ಎದ್ದಿರಿ ಅಂತ ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಕೇಸ್ ಶೀಟಿನಲ್ಲೂ ‘ಬಾತ್‌ರೂಮಿನಲ್ಲಿ ಜಾರಿ ಬಿದ್ದದ್ದು’ ಅಂತಲೇ ಇತ್ತು. ಬರೆಸಿದವನು ನಾನೇ. ಆರು ವಾರ ಬಿಟ್ಟು ಬಿಪಿ ತೋರಿಸಲು ಬೇರೆ ಡಾಕ್ಟರ ಹತ್ತಿರ ಹೋದೆವು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಗದವೆಲ್ಲ ಓದಿ, ಪಕ್ಕಕ್ಕಿಟ್ಟು, “ಯಜಮಾನ್ರೇ, ರಾತ್ರಿ ಎಷ್ಟು ಸಲ ಏಳ್ತೀರಿ?” ಅಂದರು.

“ಒಂದೋ ಎರಡೋ,” ಅಂದರು ಅಪ್ಪ.

ಅಮ್ಮ ಮಾತ್ರೆ ಚೀಟಿ ಮಡಿಸುತ್ತಾ ಇದ್ದವರು ತಲೆ ಎತ್ತದೆ ಹೇಳಿದರು. “ನಾಲ್ಕು. ಹನ್ನೊಂದೂವರೆಗೆ ಒಂದ್ಸಲ. ಒಂದು ಗಂಟೆಗೆ. ಎರಡೂವರೆಗೆ. ಆಮೇಲೆ ಕೋಳಿ ಕೂಗೋ ಹೊತ್ತಿಗೆ.”

ಅಪ್ಪ ಗೋಡೆ ಕಡೆ ನೋಡಿದರು. ನಾನು ಅಮ್ಮನ ಕಡೆ ನೋಡಿದೆ. ಎಷ್ಟು ವರ್ಷದಿಂದ ಎಣಿಸುತ್ತಿದ್ದರೋ. ಅವರು ಎದ್ದಾಗಲೆಲ್ಲ ಇವರಿಗೂ ಎಚ್ಚರ, ಅವರು ವಾಪಸ್ ಬಂದು ಮಂಚ ಕಿರ್ ಅಂದ ಮೇಲೆ ಇವರಿಗೆ ನಿದ್ದೆ. ಒಬ್ಬರ ನಿದ್ದೆ ಕೆಡಿಸಬಾರದು ಅಂತ ಅಪ್ಪ ಲೈಟ್ ಹಾಕುತ್ತಿರಲಿಲ್ಲ. ಎಚ್ಚರ ಇದ್ದೇನೆ ಅಂತ ಗೊತ್ತಾದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಅಮ್ಮ ಕಣ್ಣುಮುಚ್ಚಿಕೊಂಡೇ ಇರುತ್ತಿದ್ದರು.

ಡಾಕ್ಟರು ಎದ್ದು ಬಂದು ಅಪ್ಪನ ಪಂಚೆ ಸ್ವಲ್ಪ ಮೇಲೆ ಸರಿಸಿ, ಕಣಕಾಲಿನ ಮೇಲೆ, ಮುಂಗಾಲ ಮೂಳೆಯ ಹತ್ತಿರ, ಹೆಬ್ಬೆರಳಿಟ್ಟು ಒತ್ತಿ ಹಿಡಿದರು. ಬೆರಳು ತೆಗೆದರೆ ಅಲ್ಲಿ ಗುಳಿ ಬಿದ್ದಿತ್ತು. ಹಸಿ ಮಣ್ಣಿನ ಮೇಲೆ ಬೆರಳೊತ್ತಿದ ಹಾಗೆ. ಮೂವರೂ ಅದು ತುಂಬುವುದನ್ನೇ ನೋಡುತ್ತಾ ಕೂತೆವು. ತುಂಬಲು ಸುಮಾರು ಹೊತ್ತು ಹಿಡಿಯಿತು.

“ಸಂಜೆ ಎಲ್ಲಿ ಕೂರ್ತೀರಿ?” ಜಗಲಿ ಮೇಲೆ ಪ್ಲಾಸ್ಟಿಕ್ ಕುರ್ಚಿ. ಮಧ್ಯಾಹ್ನ ಮೂರರಿಂದ ಎಂಟರವರೆಗೆ, ಕಾಲು ಇಳಿಬಿಟ್ಟುಕೊಂಡು. ಹಗಲೆಲ್ಲ ಕಾಲಲ್ಲಿ ಇಳಿದು ನಿಂತ ನೀರು ರಾತ್ರಿ ಮಲಗಿದ ಮೇಲೆ ವಾಪಸ್ ರಕ್ತಕ್ಕೆ ಸೇರುತ್ತದೆ, ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಸಂಜೆ ನಾಲ್ಕರಿಂದ ಬಾಯಾರಿಕೊಂಡು ಕೂತರೂ ಏನೂ ಉಪಯೋಗವಿಲ್ಲ, ಟ್ಯಾಂಕು ಕಾಲಲ್ಲೇ ಇದೆ. ಇದರ ಜೊತೆಗೆ, ರಾತ್ರಿ ಹೊತ್ತು ಮೂತ್ರ ಕಡಿಮೆ ಮಾಡು ಅಂತ ಕಿಡ್ನಿಗೆ ಹೇಳುವ ಹಾರ್ಮೋನಿನ ಏರಿಳಿತವೂ ವಯಸ್ಸಾಗುತ್ತಾ ಹದ ತಪ್ಪುತ್ತದೆ. ಸಾಲದ್ದಕ್ಕೆ ಅಪ್ಪ ತಗೊಳ್ಳುತ್ತಿದ್ದ ಬಿಪಿ ಮಾತ್ರೆ ಆಮ್ಲೋಡಿಪಿನ್. ಕೆಲವರಿಗೆ ಅದರಿಂದಲೇ ಕಾಲು ಊದುತ್ತದಂತೆ.

ನಾನು ಎಲ್ಲ ಬಲ್ಲವನ ಹಾಗೆ “ಪ್ರಾಸ್ಟೇಟ್ ಅಲ್ವಾ ಮೇಡಂ?” ಅಂದಿದ್ದೆ. ಗಂಡಸರಿಗೆ ಏನಾದರೂ ಪ್ರಾಸ್ಟೇಟಿನ ತಲೆಗೆ ಕಟ್ಟುವುದು ಸುಲಭ. ಮೂತ್ರಚೀಲದ ಕೆಳಗೆ, ಮೂತ್ರದ ದಾರಿಯ ಸುತ್ತ ಇರುವ, ಹರೆಯದಲ್ಲಿ ಅಕ್ರೋಟಿನ ಗಾತ್ರದ ಆ ಗ್ರಂಥಿ ಅರವತ್ತು ಮುಟ್ಟುವಷ್ಟರಲ್ಲಿ ಸುಮಾರು ಅರ್ಧ ಜನರಲ್ಲಿ ಬೆಳೆಯಲು ಶುರುವಾಗಿರುತ್ತದೆ. ಎಂಬತ್ತರ ನಂತರ ಬಹುತೇಕ ಎಲ್ಲರಲ್ಲೂ. ಅಪ್ಪನಿಗೂ ಸ್ವಲ್ಪ ಇತ್ತು. ಆದರೆ ಅದೊಂದೇ ಆಗಿರಲಿಲ್ಲ. ಶುಗರ್ ಇರಬಹುದು, ಹೃದಯ ಇರಬಹುದು, ಗೊರಕೆ ಇರಬಹುದು. ಹೌದು, ಗೊರಕೆ. ನಿದ್ದೆಯಲ್ಲಿ ಉಸಿರು ಕಟ್ಟಿ ಕಟ್ಟಿ ಬರುವವರಿಗೂ ರಾತ್ರಿ ಮೂತ್ರ ಜಾಸ್ತಿ ಆಗುತ್ತದೆ. ಇದನ್ನು ಕೇಳಿದಾಗ ನನ್ನ ಹೆಂಡತಿ ನನ್ನನ್ನು ನೋಡಿದ ರೀತಿ ಬೇರೆ ಕಥೆ.

ಕಾಯಿ ಲೆಕ್ಕದ ಪುಸ್ತಕ

ಡಾಕ್ಟರು ಮಾತ್ರೆ ಬರೆಯುವ ಮುಂಚೆ ಒಂದು ಕೆಲಸ ಕೊಟ್ಟರು. ಮೂರು ದಿನ, ಪ್ರತಿ ಸಲ ಹೋದಾಗಲೂ ಅಳತೆ ಮಗ್‌ನಲ್ಲಿ ಹಿಡಿದು, ಹೊತ್ತು ಮತ್ತು ಎಷ್ಟು ಎಂಎಲ್ ಅಂತ ಬರೆದಿಡಬೇಕು. ಅಪ್ಪ ಖಂಡಿತ ಒಪ್ಪುವುದಿಲ್ಲ ಅಂದುಕೊಂಡಿದ್ದೆ. ಆದರೆ ಅವರು ನಲವತ್ತು ವರ್ಷ ಕಾಯಿ ಲೆಕ್ಕ ಬರೆದವರು. ಯಾವ ತೋಟ, ಎಷ್ಟು ಮರ, ಎಷ್ಟು ಕಾಯಿ, ಕಿತ್ತವನಿಗೆ ಎಷ್ಟು ಕೂಲಿ. ಲೆಕ್ಕ ಅಂದ ಕೂಡಲೇ ನಾಚಿಕೆ ಹೋಯಿತು. ಅದೇ ಪುಸ್ತಕದ ಹಿಂದಿನ ಪುಟ ತಿರುಗಿಸಿ ಸ್ಕೇಲಿನಲ್ಲಿ ಗೆರೆ ಎಳೆದರು. ಮೇಲೆ ಶ್ರೀ ಅಂತಲೂ ಬರೆದರು. ಅಭ್ಯಾಸಬಲ.

ಆ ಪುಟ ನನ್ನ ಹತ್ತಿರ ಇದೆ. ಎರಡನೇ ದಿನ ಒಟ್ಟು 1,900 ಎಂಎಲ್. ಅದರಲ್ಲಿ ಮಲಗಿದ ಮೇಲಿನದು 850. ಬೆಳಗ್ಗೆ ಎದ್ದ ತಕ್ಷಣ ಹೋಗುವುದೂ ರಾತ್ರಿ ಲೆಕ್ಕಕ್ಕೇ ಸೇರುತ್ತದೆ, ಅದು ನಮಗೆ ಗೊತ್ತಿರಲಿಲ್ಲ. ವಯಸ್ಸಾದವರಲ್ಲಿ ದಿನದ ಒಟ್ಟಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ರಾತ್ರಿಯೇ ಹೋದರೆ ತೊಂದರೆ ಮೂತ್ರಚೀಲದ್ದಷ್ಟೇ ಅಲ್ಲ, ಮೂತ್ರ ತಯಾರಾಗುವುದೇ ಹೆಚ್ಚು ಅಂತ. ಅಪ್ಪನದು ಅರ್ಧದ ಹತ್ತಿರ. ಡಾಕ್ಟರು ಆ ಪುಟ ನೋಡಿ ನಕ್ಕು, “ಇಷ್ಟು ನೀಟಾಗಿ ಯಾರೂ ಬರೆದುಕೊಂಡು ಬಂದಿರಲಿಲ್ಲ” ಅಂದರು. ಅಪ್ಪ ಅದನ್ನು ಅರಳಿಕಟ್ಟೆಯಲ್ಲಿ ಹೇಳಿಕೊಂಡರು. ಯಾವ ಲೆಕ್ಕ ಅಂತ ಮಾತ್ರ ಹೇಳಲಿಲ್ಲ.

ಬಿಪಿ ಮಾತ್ರೆ ಬದಲಾಯಿತು. ಮಧ್ಯಾಹ್ನ ಊಟದ ಮೇಲೆ ಎರಡು ದಿಂಬಿನ ಮೇಲೆ ಕಾಲಿಟ್ಟು ಒಂದೆರಡು ಗಂಟೆ ಮಲಗುವುದು. ನೀರು ಹಗಲಲ್ಲಿ ಧಾರಾಳ, ಮಲಗುವ ಮುಂಚೆ ಕಡಿಮೆ. ರಾತ್ರಿ ಊಟದ ನಂತರದ ಕಾಫಿ ಬಂದ್. ನಾಲ್ಕು ಸಲ ಇದ್ದದ್ದು ಎರಡಕ್ಕೆ ಬಂತು. ಸೊನ್ನೆಗೆ ಬರಲಿಲ್ಲ, ಬರುವುದೂ ಇಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಸಂಬಂಧಿಕರೊಬ್ಬರು ರಾತ್ರಿ ಮೂತ್ರವನ್ನೇ ನಿಲ್ಲಿಸುವ ಮಾತ್ರೆ ಇದೆಯಂತೆ ಅಂತ ವಾಟ್ಸಾಪ್ ಮಾಡಿದರು. ಇದೆ. ವಯಸ್ಸಾದವರಿಗೆ ಅದರಿಂದ ರಕ್ತದಲ್ಲಿ ಸೋಡಿಯಂ ಇಳಿದು ಇನ್ನೊಂದು ಗಂಡಾಂತರವಾಗಬಹುದು, ಸುಮ್ನೆ ತಂದು ನುಂಗುವಂಥದ್ದಲ್ಲ.

ಆಮೇಲೆ ನಾನು ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದತೊಡಗಿದೆ. ಅಮೆರಿಕದಲ್ಲಿ 2000ದಿಂದ 2002ರ ಮಧ್ಯೆ 65 ದಾಟಿದ 5,994 ಗಂಡಸರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದಿದೆ. ಮೂಲತಃ ಮೂಳೆ ಮುರಿತದ ಅಧ್ಯಯನ. ಅದರಲ್ಲಿ ಮೂತ್ರದ ತೊಂದರೆ ತೀವ್ರವಾಗಿದ್ದವರು ಒಂದು ವರ್ಷದಲ್ಲಿ ಬೀಳುವ ಸಂಭವ ಆ ತೊಂದರೆ ಅಷ್ಟಾಗಿ ಇಲ್ಲದವರಿಗಿಂತ ಸುಮಾರು ಮೂರನೇ ಒಂದರಷ್ಟು ಜಾಸ್ತಿ ಕಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಬಿದ್ದು ಸಾಯುವವರು ವರ್ಷಕ್ಕೆ 6,84,000. ಅಪಘಾತದ ಸಾವುಗಳಲ್ಲಿ ರಸ್ತೆ ಬಿಟ್ಟರೆ ಇದೇ. ರಸ್ತೆಗೆ ಹೆಲ್ಮೆಟ್ ಇದೆ, ಹಂಪ್ ಇದೆ, ಪೊಲೀಸರಿದ್ದಾರೆ. ಮಂಚದಿಂದ ಬಚ್ಚಲಿಗೆ ಇರುವ ದಾರಿಗೆ ನಮ್ಮ ಮನೆಯಲ್ಲಿ ಒಂದು ಝೀರೋ ಬಲ್ಬೂ ಇರಲಿಲ್ಲ.

ಕೂತು, ನಿಂತು

ಪ್ರಾಸ್ಟೇಟಿಗೂ ಒಂದು ಮಾತ್ರೆ ಬಂತು, ಟ್ಯಾಮ್ಸುಲೋಸಿನ್. ಮೂತ್ರದ ದಾರಿ ಬಿಗಿಹಿಡಿದ ಸ್ನಾಯು ಸಡಿಲ ಮಾಡುತ್ತದೆ. ಜೊತೆಗೆ ಕೆಲವರಿಗೆ ಎದ್ದು ನಿಂತ ತಕ್ಷಣ ಬಿಪಿ ಇಳಿಯುತ್ತದೆ. ನೋಡಿ ತಮಾಷೆ, ಯಾವುದಕ್ಕೆ ಎದ್ದು ಬೀಳುತ್ತೇವೋ ಅದರ ಔಷಧಿಯೇ ಬೀಳಿಸಬಲ್ಲದು. ಡಾಕ್ಟರು ಅಪ್ಪನನ್ನು ಮಲಗಿಸಿ ಒಂದು ಸಲ, ನಿಲ್ಲಿಸಿ ಮೂರು ನಿಮಿಷದೊಳಗೆ ಇನ್ನೊಂದು ಸಲ ಬಿಪಿ ನೋಡಿದರು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಹುಷಾರಾಗಬೇಕು. ಅಪ್ಪನಿಗೆ ಮೇಲಿನದು 14 ಇಳಿಯಿತು. “ಎದ್ದ ಕೂಡಲೇ ನಿಲ್ಲಬೇಡಿ ಯಜಮಾನ್ರೇ. ಮಂಚದ ಅಂಚಲ್ಲಿ ಕೂತು ಪಾದ ಮೇಲೆ ಕೆಳಗೆ ಆಡಿಸಿ. ನೂರು ಎಣಿಸಿ. ಆಮೇಲೆ ಏಳಿ.”

ಇದನ್ನು ಕೇಳುವಾಗ ನನಗೆ ಚಿಕ್ಕಪ್ಪ ನೆನಪಾದರು. ಇಪ್ಪತ್ತೈದು ವರ್ಷದ ಹಿಂದೆ, ಒಂದು ಬೀಗರ ಔತಣದ ರಾತ್ರಿ, ಛತ್ರದ ಹಿಂದೆ ಗೋಡೆಗೆ ಮುಖಮಾಡಿ ನಿಂತವರು ನಿಂತಂತೆಯೇ ಹಿಂದಕ್ಕೆ ಬಿದ್ದರು. ತಲೆಗೆ ಏಳು ಹೊಲಿಗೆ. ಎಣ್ಣೆ ಏಟು ಜಾಸ್ತಿಯಾಗಿತ್ತು ಅಂತ ಇವತ್ತಿಗೂ ಎಲ್ಲರೂ ನಗುತ್ತಾರೆ. ಕುಡಿದಿದ್ದರು ನಿಜ. ಆದರೆ ತುಂಬಿದ ಚೀಲ ಒಮ್ಮೆಲೇ ಖಾಲಿಯಾಗುವಾಗ ಬಿಪಿ ಕುಸಿದು ಗಂಡಸರು ಪ್ರಜ್ಞೆ ತಪ್ಪುವುದಿದೆ. ನಿಂತು ಮಾಡುವಾಗ, ರಾತ್ರಿ ನಿದ್ದೆಯಿಂದೆದ್ದಾಗ, ಕುಡಿದಾಗ ಅದು ಜಾಸ್ತಿ. ಚಿಕ್ಕಪ್ಪ ಅವತ್ತು ಕೂತಿದ್ದರೆ ಹೊಲಿಗೆ ಬೀಳುತ್ತಿರಲಿಲ್ಲ.

ಹಾಗಾಗಿ ರಾತ್ರಿ ಹೊತ್ತು ಕಮೋಡಿನ ಮೇಲೆ ಕೂತೇ ಮಾಡಿ ಅಂದರು ಡಾಕ್ಟರು. ಅಪ್ಪ ಮನೆಗೆ ಬರುವವರೆಗೂ ಮಾತಾಡಲಿಲ್ಲ. ಬಂದ ಮೇಲೆ, “ಹೆಂಗಸರ ಥರ ಕೂತ್ಕೊಳ್ಳೋದಾ?” ಅಂದರು. ನನಗೆ ನಗು ಬಂತು. ನಮ್ಮ ತಾತ ಒಂದು ದಿನವೂ ನಿಂತು ಮಾಡಿದವರಲ್ಲ. ಪಂಚೆ ಎತ್ತಿಕೊಂಡು ತೆಂಗಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಊರಿನ ಮುದುಕರೆಲ್ಲ ಹಾಗೇ. ನಿಂತು ಮಾಡುವವರನ್ನು ಅವರು ಬೈಯುತ್ತಿದ್ದದ್ದು ನನಗೇ ನೆನಪಿದೆ. ನಮ್ಮ ಮನೆಯಲ್ಲಿ ನಿಲ್ಲುವ ಅಭ್ಯಾಸ ಬಂದದ್ದು ಪ್ಯಾಂಟು ಬಂದ ಮೇಲೆ. ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, “ನಮ್ಮಪ್ಪ ಕೂತು ಏಳ್ತಿದ್ದ, ಗಟ್ಟಿಗ,” ಅಂದರು. ಅಷ್ಟೇ. ಒಪ್ಪಿದರೋ ಇಲ್ಲವೋ ಬಚ್ಚಲ ಬಾಗಿಲ ಹಿಂದಿನ ವಿಷಯ, ನನಗೆ ತಿಳಿಯದು.

ಮಂಚದ ಪಕ್ಕ ಪಾಟ್ ಇಟ್ಟುಕೊಳ್ಳಿ ಅಂದದ್ದು ಮಾತ್ರ ನಡೆಯಲಿಲ್ಲ. ನಡುಮನೆಗೆ ಅಂಟಿಕೊಂಡೇ ದೇವರ ಮನೆ. ಹೊಸ್ತಿಲು ಕೀಳಿಸೋಣ ಅಂದೆ. ಅಮ್ಮ ನೋಡಿದ ನೋಟಕ್ಕೆ ಸುಮ್ಮನಾದೆ. ಕೊನೆಗೆ ಮಾಡಿದ್ದು ಬಹಳ ಸಣ್ಣ ಕೆಲಸ. ಬಚ್ಚಲ ಪಕ್ಕದ ಉಗ್ರಾಣ ಖಾಲಿ ಮಾಡಿ ಮಂಚ ಅಲ್ಲಿಗೆ ಸಾಗಿಸಿದೆವು. ಹದಿನಾಲ್ಕು ಹೆಜ್ಜೆ ಐದಾಯಿತು, ಹೊಸ್ತಿಲಿಲ್ಲ. ರಾತ್ರಿಗೆ ಪಂಚೆ ಬದಲು ಎಲಾಸ್ಟಿಕ್ ಚಡ್ಡಿ. ಬಚ್ಚಲ ಗೋಡೆಗೆ ಸ್ಟೀಲ್ ಹಿಡಿಕೆ. ಮಂಚದ ಕೆಳಗೆ, ನೆಲದ ಮಟ್ಟದಲ್ಲಿ, ಕಾಲು ಇಳಿಸಿದರೆ ತಾನೇ ಹತ್ತುವ ಒಂದು ಸಣ್ಣ ಹಳದಿ ಲೈಟು. ಟ್ಯೂಬ್‌ಲೈಟ್ ಹಾಕಿದರೆ ಕಣ್ಣು ಕೋರೈಸುತ್ತದೆ, ಆರಿಸಿದ ಮೇಲೆ ಏನೂ ಕಾಣುವುದಿಲ್ಲ. ವಯಸ್ಸಾದ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಬಹಳ ಹೊತ್ತು ಬೇಕು. ಮೊದಲ ವಾರ ಅಪ್ಪ ಆ ಲೈಟಿನ ಮೇಲೆ ಟವೆಲ್ ಹಾಕಿ ಮುಚ್ಚಿಟ್ಟಿದ್ದರು. ಸುಮ್ನೆ ಕರೆಂಟ್ ಯಾಕೆ ಅಂತ.

ಈ ಎಲ್ಲದರ ಖರ್ಚು ಆಪರೇಷನ್ ಬಿಲ್ಲಿನ ಪಕ್ಕ ಇಟ್ಟರೆ ಕಾಣುವುದೇ ಇಲ್ಲ. ಬೀಳುವ ಮುಂಚೆ ಮಾಡಬಹುದಿತ್ತು. ಅದಕ್ಕೆ ಒಂದು ಪ್ರಶ್ನೆ ಕೇಳಬೇಕಿತ್ತು, ಅದನ್ನು ಮಗ ಅಪ್ಪನನ್ನು ಕೇಳುವ ಹಾಗಿರಲಿಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ನನಗೀಗ ಐವತ್ತೆರಡು. ರಾತ್ರಿ ಎದ್ದು ಬಚ್ಚಲಿಗೆ ಹೋಗಿ ಬರುವಾಗ ಉಗ್ರಾಣದ ಅರೆತೆರೆದ ಬಾಗಿಲಿಂದ ಹಳದಿ ಬೆಳಕು ಕಾಣುತ್ತಿತ್ತು. ಅಪ್ಪ ಮಂಚದ ಅಂಚಲ್ಲಿ ಕೂತು ಪಾದ ಆಡಿಸುತ್ತಾ ಎಣಿಸುತ್ತಿದ್ದರು. ತಲೆ ಎತ್ತಿ ನೋಡಿದರು.

“ಎಷ್ಟನೇ ಸಲ ಕಣೋ?”

“ಒಂದೇ ಸಲ ಅಪ್ಪ,” ಅಂದೆ. ಎರಡನೇ ಸಲವಾಗಿತ್ತು.